ಹುಲಿಗೆವ್ವನಿಗೆ ಕೊಟ್ಟ ಹೊತ್ತು

ನಮ್ಮೂರಲ್ಲಿ ಕೊಂಡ ಸಾಮಾನು ನಿಲ್ಲುತ್ತದೆ, ಕೊಟ್ಟ ಸಾಮಾನು ನಿಲ್ಲುವುದಿಲ್ಲ. ನೀವು ನನಗೆ ಪ್ರೀತಿಯಿಂದ ಒಂದು ತಂಬಿಗೆ ಕೊಟ್ಟಿರಿ ಅನ್ನಿ, ನಾನು ಕಣ್ಣಿಗೊತ್ತಿಕೊಂಡು ಒಳಗಿಟ್ಟೆ ಅನ್ನಿ, ಬೆಳಕು ಹರಿಯುವಷ್ಟರಲ್ಲಿ ಅದು ನಿಮ್ಮ ಮನೆಯ ಪಡಸಾಲೆಯಲ್ಲೇ ಕೂತಿರುತ್ತದೆ. ಸೀರೆಯಾದರೂ ಅಷ್ಟೆ, ಎಮ್ಮೆಯಾದರೂ ಅಷ್ಟೆ. ತಿಂದದ್ದು ಮಾತ್ರ ತಿಂದವರದು. ಇದು ಯಾಕೆ ಹೀಗೆ ಅಂತ ನಮ್ಮಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀರು ಇಳಿಜಾರಿಗೇ ಯಾಕೆ ಹರಿಯುತ್ತೆ ಅಂತ ಯಾರಾದರೂ ಕೇಳುತ್ತಾರಾ?

ಹಾಗಂತ ನಾವು ಕೊಡಲಾರದವರಲ್ಲ. ನಾವು ಹೊತ್ತು ಕೊಡುತ್ತೇವೆ. ಸುಣ್ಣ ಹೊಡೆಯುವ ಮಲ್ಲಣ್ಣ ತನ್ನ ಗೆಳೆಯನ ಮದುವೆಗೆ ಒಂದು ಮಧ್ಯಾಹ್ನದ ನಿದ್ದೆ ಕೊಟ್ಟ. ಬೀದಿಯ ಬಾಯಲ್ಲಿ ಕೋಲು ಹಿಡಿದು ನಿಂತು, ಐಸ್ ಮಾರುವವನ ಗಂಟೆ, ನಾಯಿಗಳ ಜಗಳ, ನೆಂಟರ ಮಾತು, ಒಂದನ್ನೂ ಆಚೆಯಿಂದ ಈಚೆಗೆ ಬಿಡಲಿಲ್ಲ. ದೊಡ್ಡಮನೆ ಗೌಡ್ತಿ ಹೊಸ್ತಿಲು ದಾಟದೆಯೇ ಮುದುಕಿಯಾದವಳು. ಅವಳ ಸೊಸೆಯಂದಿರು ಅವಳನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ, ಸ್ಟೇರಿಂಗು ಕೈಗೆ ಕೊಟ್ಟು, ಕುಯ್ಲಾದ ಹೊಲದಲ್ಲಿ ಬಿಟ್ಟರು. ಬದು ಮುರಿದಳು, ಬಣವೆ ಗುದ್ದಿದಳು. ಸಾಯುವ ತನಕ ಆ ಕಥೆಯನ್ನೇ ಹೇಳಿದಳು. ನನ್ನ ಹೆಂಡತಿ ಗಂಗವ್ವ, ಈಗಿಲ್ಲ ಪಾಪ, ಮದುವೆಯಾದ ವರ್ಷ ನನಗೊಂದು ಬೆಳಗು ಕೊಟ್ಟಿದ್ದಳು. ನನ್ನದು ಮಂಡಕ್ಕಿ ಭಟ್ಟಿ. ಹುಟ್ಟಿದಾಗಿನಿಂದ ಕಾದ ಮರಳಿನ ಮುಂದೆ ಕೂತ ಮೈ ಇದು. ಅವತ್ತು ಭಟ್ಟಿಯ ಮುಂದೆ ತಾನು ಕೂತು, ನನ್ನನ್ನು ಹಳ್ಳದ ತಣ್ಣೀರಿಗೆ ಕಳಿಸಿ, "ಕುತ್ತಿಗೆ ತನಕ ಮುಳುಗಿ ಕೂತುಕೋ, ನಾನು ಕರೆಯೋ ತನಕ ಏಳಬೇಡ" ಅಂದಿದ್ದಳು. ಆ ತಂಪು ಇನ್ನೂ ನನ್ನ ಬೆನ್ನಲ್ಲಿದೆ.

ಹೊತ್ತು ಕೊಡುವುದಕ್ಕೆ ಒಂದೇ ಕಟ್ಟಳೆ. ಏನು ಬೇಕು ಅಂತ ಕೇಳಬಾರದು, ನೋಡಿ ತಿಳಿಯಬೇಕು. ಕೇಳಿ ಮಾಡಿದರೆ ಅದು ಕೆಲಸವಾಯಿತು, ಕೊಟ್ಟ ಹಾಗಾಗಲಿಲ್ಲ. ಅದಕ್ಕೇ ನಮ್ಮೂರಲ್ಲಿ ಕಣ್ಣು ಕಿವಿ ಜಾಸ್ತಿ, ಬಾಯಿ ಕಮ್ಮಿ. ಎದುರಿಗಿರುವವರು ಮಾತಾಡಿದರೆ ನಡುವೆ ಬಾಯಿ ಹಾಕದೆ ತಲೆ ತಗ್ಗಿಸಿ ಕೇಳುವುದೇ ನಮ್ಮ ಮರ್ಯಾದೆ. ಆ ಮರ್ಯಾದೆಯೇ ಒಂದು ಸಲ ನನ್ನ ಮನೆಗೆ ಮುಳುವಾಯಿತು.

ನನ್ನ ಮಗ ಮೈಲಾರಿಗೆ ದಿಬ್ಬದಾಚೆ ಊರಿನ ಹೆಣ್ಣು ತಂದೆವು. ಪಂಪಾವತಿ ಅಂತ. ಅವಳ ತಾಯಿ ಹುಲಿಗೆವ್ವ, ಗಂಡನನ್ನು ಕಳೆದುಕೊಂಡ ಹೆಂಗಸು, ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುವವಳು. ಅವಳ ದನಿ ಹೇಗಿತ್ತು ಅಂದರೆ, ಸಂತೆಯ ಆ ತುದಿಯಲ್ಲಿ ಅವಳು ಕೆಮ್ಮಿದರೆ ಈ ತುದಿಯಲ್ಲಿ ಹೋರಿ ಕಿವಿ ನಿಮಿರಿಸುತ್ತಿತ್ತು. ಮದುವೆಯ ದಿನ ಮಂಟಪದಲ್ಲಿ ನಿಂತು ನಮ್ಮನ್ನೆಲ್ಲ ತರಾಟೆಗೆ ತಗೊಂಡಳು. ಬಂದವರಿಗೆ ನೀರು ಕೊಡಲಿಲ್ಲ, ಬೀಗರಿಗೆ ಚಾಪೆ ಹಾಸಲಿಲ್ಲ, ಪಾಯಸಕ್ಕೆ ಬೆಲ್ಲ ತೋರಿಸಿ ಎತ್ತಿಟ್ಟಿದ್ದೀರಾ ಅಂತ. ನಾವು ಊರಿಗೆ ಊರೇ ಕೈಕಟ್ಟಿ ತಲೆ ತಗ್ಗಿಸಿ ಕೇಳಿದೆವು. ಅವಳು ಒಂದೊಂದು ಮಾತಿಗೂ ಒಂದು ಗಳಿಗೆ ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದಳು. ನಾವು ಇನ್ನಷ್ಟು ತಗ್ಗಿದೆವು. ಅವಳ ಮುಖ ಇನ್ನಷ್ಟು ಕೆಂಪಾಯಿತು.

ಮಗಳಿಗೆ ಅಂತ ಅವಳು ತಂದಿದ್ದ ಬಿಂದಿಗೆ, ಕೊಳಗ, ತನ್ನ ಹಳೇ ಸೀರೆಗಳನ್ನು ಹೊಲಿದು ಮಾಡಿದ ಕೌದಿ, ಎಲ್ಲವೂ ಮಾರನೆಯ ಬೆಳಗ್ಗೆ ದಿಬ್ಬದಾಚೆ ಅವಳ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವಂತೆ. ನಮಗೆ ಅದೊಂದು ಸಂಗತಿಯೇ ಅಲ್ಲ. ದಿಬ್ಬದಾಚೆಯವರಿಗೆ ಇದು ಗೊತ್ತಿಲ್ಲ, ಹೇಳಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಅವಳು ಸಿಟ್ಟು ನುಂಗಿ ಜಟಕಾ ಖಾಸೀಮನ ಕೈಲಿ ಮತ್ತೆ ಕಳಿಸಿದಳು. ಮತ್ತೆ ಹೋದವು. ಪಂಪಾ ಹೊಸ ಸೊಸೆ, ನಮ್ಮ ಮನೆಯವರೇ ಸಾಮಾನು ವಾಪಸು ಕಳಿಸುತ್ತಿದ್ದಾರೆ ಅಂತ ತಿಳಿದು ತುಟಿ ಕಚ್ಚಿ ಸುಮ್ಮನಿದ್ದಳು. ಅವಳಿಗೆ ಎದುರುಮನೆ ನಿಂಗಮ್ಮ ವಿಷಯ ತಿಳಿಸಿದ್ದು ತಿಂಗಳುಗಳು ಕಳೆದು, ತಾಯಿ ಮಗಳ ಮಾತೇ ನಿಂತುಹೋದ ಮೇಲೆ.

ಆಮೇಲೆ ಪಂಪಾ ಬಸುರಿಯಾದಳು. ಐದನೇ ತಿಂಗಳಿಗೆ ಹುಲಿಗೆವ್ವ ತಾನೇ ಬಂದು ಮಗಳಿಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ, ಅರಿಶಿನದ ಕೊಂಬು. ಮಗಳ ಸೆರಗನ್ನು ತಾನೇ ಗಂಟು ಹಾಕಿ, ಕೆನ್ನೆ ಸವರಿ, ಕತ್ತಲಾಗುವ ಮೊದಲು ಹೊರಟಳು. ಬೆಳಗಾದರೆ ಆ ಉಡಿ ಅಕ್ಕಿ ಅವಳ ಮನೆಯ ಮಣೆಯ ಮೇಲೆ. ತಾಯಿ ತುಂಬಿದ ಉಡಿ ತಿರುಗಿ ಬಂತು ಅಂದರೆ ಯಾವ ಹೆತ್ತವಳು ತಡೆದುಕೊಂಡಾಳು? ಖಾಸೀಮ ಬಂದು ನನ್ನ ಭಟ್ಟಿಯ ಮುಂದೆ ಟೋಪಿ ತೆಗೆದು ನಿಂತ.

"ಅಣ್ಣಾ, ಆ ಯಮ್ಮ ಹೇಳಿ ಕಳಿಸವಳೆ. ಹೇಳ್ಲಾ ಬೇಡ್ವಾ?"

"ಹೇಳಪ್ಪ."

"ಉಡಿ ತಿರುಗಿಸಿದ ಮನೆಗೆ ತಾನು ಕಾಲಿಡೋದಿಲ್ವಂತೆ. ಮಗಳೂ ತನ್ನ ಹೊಸ್ತಿಲು ತುಳಿಯೋದು ಬೇಡ್ವಂತೆ. ಇನ್ನೂ ಅಂದಳು, ಅದನ್ನ ನನ್ನ ಬಾಯಲ್ಲಿ ಹೇಳೋಕೆ ಆಗಲ್ಲ, ಕುದುರೇನೂ ಕಿವಿ ಮುಚ್ಚಿಕೊಂಡಿತು."

ಚೊಚ್ಚಲ ಹೆರಿಗೆ ತವರಿನದು. ನನ್ನ ಮನೆಯಲ್ಲಿ ಬೇರೆ ಹೆಣ್ಣು ದಿಕ್ಕಿಲ್ಲ. ಸೂಲಗಿತ್ತಿ ಬರುತ್ತಾಳೆ, ನರ್ಸಮ್ಮ ಬರುತ್ತಾಳೆ, ಅದು ಬೇರೆ. ಪಂಪಾ ಅಳಲಿಲ್ಲ. ಮುಸುರೆ ತೊಳೆಯುತ್ತಾ ಪಾತ್ರೆಗಳಿಗೆ ಹೇಳುವ ಹಾಗೆ ಹೇಳಿದಳು: "ಅವ್ವ ಬರದಿದ್ರ ನಾನು ಹಡಿಯೂದೇ ಇಲ್ಲ." ಮೈಲಾರಿ ಬಾಗಿಲಲ್ಲಿ ನಿಂತು, "ಅದೇನು ನಿನ್ನ ಕೈಲಿದೆಯಾ ಮಾರಾಯ್ತಿ?" ಅಂದ. ಅವಳು ತಿರುಗಿ ನೋಡಿದ ನೋಟಕ್ಕೆ ಹಿತ್ತಲ ಕಡೆ ಹೋಗಿಬಿಟ್ಟ. ಅವತ್ತಿನಿಂದ ಅವಳ ಊಟ ಅರ್ಧಕ್ಕೆ ಬಂತು. ಕುಂಕುಮ ಇಟ್ಟುಕೊಳ್ಳಲು ಕನ್ನಡಿ ಮುಂದೆ ಕೂತರೆ ಕೂತೇ ಇರುತ್ತಿದ್ದಳು. ಮಾತಾಡಿಸಿದರೆ ತಲೆ ತಗ್ಗಿಸುತ್ತಿದ್ದಳು, ಥೇಟು ನಮ್ಮೂರಿನವರ ಹಾಗೆ. ಅದು ನನಗೆ ಸರಿ ಕಾಣಲಿಲ್ಲ.

ಬೀಗಿತಿಗೆ ಒಂದು ಹೊತ್ತು ಕೊಡಬೇಕು ಅಂತ ಲೆಕ್ಕ ಹಾಕಿದೆ. ನಮಗೆ ಗೊತ್ತಿರುವ ದಾರಿ ಅದೊಂದೇ. ಭಟ್ಟಿಯನ್ನು ಮಗನಿಗೆ ಬಿಟ್ಟು ಖಾಸೀಮನ ಜಟಕಾ ಹತ್ತಿದೆ.

ಮೊದಲು ಸಂತೆಗೆ ಹೋದೆ. ಬಿಸಿಲಲ್ಲಿ ಕೂತು ಕೂತು ದಣಿದಿದ್ದಾಳೆ, ವಿಶ್ರಾಂತಿ ಕೊಡೋಣ ಅನ್ನಿಸಿತು. ಅವಳ ಮೆಣಸಿನಕಾಯಿ ರಾಶಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, "ತಾಯೀ, ನೀವು ನೆರಳಿಗೆ ಹೋಗ್ರಿ, ನಾನು ಮಾರುತೀನಿ" ಅಂದೆ.

"ಯಾಕ? ನನ್ನ ಕೈಕಾಲು ಬಿದ್ದು ಹೋಗ್ಯಾವೇನು? ಉಡಿ ತಿರುಗಿಸಿದ್ದು ಸಾಲದು ಅಂತ ತಕ್ಕಡೀನೂ ಕಸಗೊಳ್ಳಾಕ ಬಂದ್ರೇನು ಬೀಗರು?" ಅಂದಳು. ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಎದ್ದೆ.

ಇನ್ನೊಂದು ಸಲ ಅವಳನ್ನು ಹೊಳೆಗೆ ಕರೆದುಕೊಂಡು ಹೋಗಲು ಹೋದೆ. ಗಂಗವ್ವ ನನಗೆ ತಂಪು ಕೊಟ್ಟಿದ್ದಳಲ್ಲ, ಅದೇ ಬುದ್ಧಿ. "ಹೊಳಿ ನೋಡಿ ನಾ ಏನು ಮಾಡ್ಲಿ, ನಾನೇನು ಮೀನಾ?" ಅಂತ ಖಾಸೀಮನ ಕುದುರೆಗೂ ಸೇರಿಸಿ ಬೈದಳು. ಮತ್ತೆ ನಿಲ್ಲಿಸಿದಳು. ಮತ್ತೆ ನಾನು ಸುಮ್ಮನಾದೆ. ಖಾಸೀಮ ಕುದುರೆಯ ಜೊತೆ ಮಾತಾಡುವವನ ಹಾಗೆ, "ಬಾರಪ್ಪ ಬಾ, ನಮ್ಮ ಮರ್ಯಾದೆ ಇರೋವಾಗಲೇ ಹೋಗೋಣ" ಅಂದ.

ಆದರೆ ನಾನು ಹಿಂದಿರುಗಲಿಲ್ಲ. ಅವಳ ಓಣಿಯ ಕೊನೆಯಲ್ಲಿ ಒಂದು ಬೇವಿನ ಕಟ್ಟೆ ಇತ್ತು, ಅಲ್ಲೇ ಕೂತೆ. ಕೂರುವುದು ನನಗೆ ಕಷ್ಟವಲ್ಲ. ಮಂಡಕ್ಕಿ ಹುರಿಯುವವನಿಗೆ ಅದೇ ಕಸುಬು. ಮರಳು ಕಾದಿದೆ ಅಂತ ಅಕ್ಕಿ ಸುರಿದ ಕೂಡಲೇ ಜಾಲರಿ ಹಾಕಬಾರದು, ಅದು ತಾನಾಗಿ ಅರಳುವ ಗಳಿಗೆ ಒಂದಿರುತ್ತದೆ, ಅದಕ್ಕೆ ಕಾಯಬೇಕು. ಹಾಗೆ ಕಾಯುತ್ತಾ ನೋಡಿದೆ. ಹುಲಿಗೆವ್ವ ಹಾಲಿನವನನ್ನು ಬೈದಳು, ಅವನು ಕ್ಯಾನು ಎತ್ತಿಕೊಂಡು ಓಡಿದ. ಪಕ್ಕದ ಮನೆಯವಳನ್ನು ಕೋಳಿಯ ವಿಷಯಕ್ಕೆ ಬೈದಳು, ಅವಳು ಕೋಳಿ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪ್ರತಿ ಸಲವೂ ಬೈದ ಮೇಲೆ ಹುಲಿಗೆವ್ವ ಸೊಂಟದ ಮೇಲೆ ಕೈಯಿಟ್ಟು, ಕತ್ತು ಸ್ವಲ್ಪ ಓರೆ ಮಾಡಿ, ಒಂದು ಗಳಿಗೆ ನಿಲ್ಲುತ್ತಿದ್ದಳು. ಎದುರಿನಿಂದ ಏನೂ ಬಾರದೆ ಹೋದಾಗ ಅವಳ ಕೈ ಸೊಂಟದಿಂದ ಜಾರುತ್ತಿತ್ತು. ಮೆಲ್ಲಗೆ ಒಳಗೆ ಹೋಗುತ್ತಿದ್ದಳು.

ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಮುದುಕನೊಬ್ಬ ನಾನು ಕೇಳದೆಯೇ ಹೇಳಿದ: "ಇಕಿ ಗಂಡ ಇದ್ದಾಗ ನೋಡಬೇಕಿತ್ತು ನೀವು. ಇಬ್ರೂ ಜಗಳಕ್ಕ ನಿಂತ್ರ ಓಣಿ ಹೆಂಗಸರು ರೊಟ್ಟಿ ಹಂಚಿನ ಮ್ಯಾಲೆ ಬಿಟ್ಟು ಓಡಿ ಬರ್ತಿದ್ರು. ಇಕಿ ಒಂದಂದ್ರ ಅಂವ ಎರಡು. ಆಮೇಲೆ ಇಬ್ರೂ ಒಂದೇ ಗಂಗಾಳದಾಗ ಉಣ್ಣಾವ್ರು. ಅಂವ ಹೋದ ಮ್ಯಾಲೆ ಇಕಿಗೆ ಎದುರು ನಿಂತು ಮಾತಾಡೋ ಗಂಡಸೇ ಇಲ್ಲ, ಹೆಂಗಸೂ ಇಲ್ಲ."

ನನಗೆ ಆಗ ತಿಳಿಯಿತು. ಆದರೆ ನನ್ನ ಜೀವಮಾನದಲ್ಲಿ ನಾನು ಯಾರ ಮೇಲೂ ದನಿ ಏರಿಸಿದವನಲ್ಲ. ಮಗನನ್ನು ಗದರಿಸಬೇಕಾದರೂ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವನು ತಪ್ಪಿಸಿಕೊಳ್ಳುತ್ತಿದ್ದ. ಜಟಕಾದಲ್ಲಿ ಮನೆಗೆ ಬರುತ್ತಾ ಖಾಸೀಮನಿಗೆ, "ನಿನಗೆ ಸ್ವಲ್ಪ ಬೈಯಲೇನಪ್ಪ?" ಅಂತ ಕೇಳಿದೆ.

"ಬೈಯಿರಿ ಅಣ್ಣಾ."

ಬಹಳ ಹೊತ್ತು ಯೋಚಿಸಿ, "ನಿನ್ನ ಕುದುರೆ ನಿಧಾನ" ಅಂದೆ.

ಅವನು ಲಗಾಮು ಬಿಟ್ಟು ನಕ್ಕ. "ಇದಕ್ಕಿಂತ ನನ್ನ ಹೆಂಡತಿ ಪ್ರೀತಿ ಮಾಡುವಾಗಲೇ ಜೋರಾಗಿ ಬೈತಾಳೆ."

ಮನೆಯಲ್ಲಿ ಪಂಪಾಳಿಗೆ ತಿಂಗಳು ತುಂಬುತ್ತಾ ಬಂದಿತ್ತು. ದಿಬ್ಬದ ದಾರಿಯ ಕುಲುಕಾಟ ಇನ್ನು ಬೇಡವೇ ಬೇಡ ಅಂತ ನರ್ಸಮ್ಮ ಹೇಳಿ ಹೋಗಿದ್ದಳು. ಅಂದರೆ ಮಗಳು ತವರಿಗೆ ಹೋಗುವ ಹಾಗಿಲ್ಲ, ತಾಯಿಯೇ ಇಲ್ಲಿಗೆ ಬರಬೇಕು. ಮಾರನೆಯ ಬೆಳಗ್ಗೆ ನಾನು ದಿಬ್ಬ ಹತ್ತಿದೆ.

ಹುಲಿಗೆವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನಾನು ಓಣಿಯ ನಟ್ಟನಡುವೆ ನಿಂತು, ಕಣ್ಣು ಮುಚ್ಚಿ, ಕೂಗಿದೆ.

"ಹುಲಿಗೆವ್ವಾ! ಬಾ ಈಚೆಗೆ!"

"ಯಾರಲೇ ಅದು?"

"ನಾನೇ, ನಿನ್ನ ಬೀಗ ಹಾಲಪ್ಪ! ಕಾಣಲ್ವಾ? ಮೆಣಸಿನಕಾಯಿ ಘಾಟಿಗೆ ಕಣ್ಣು ಹೋದ್ವಾ?"

ಅವಳು ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದಳು. "ಏನಂದ್ರಿ?"

"ಕಿವೀನೂ ಹೋದ್ವಾ ಅಂದೆ!"

ಅವಳ ಕೈಯಿಂದ ಮೆಣಸಿನಕಾಯಿ ಉದುರಿದವು. ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಅವಳ ಕಣ್ಣಲ್ಲಿ ಅದೇನೋ ಹೊಳೆಯಿತು, ನಾನು ಹೆದರಿದ್ದರಿಂದ ಅದು ಸಿಟ್ಟು ಅಂದುಕೊಂಡೆ. "ಎಲಾ ಇವನ! ಮಂಡಕ್ಕಿ ಹುರಿಯೋ ಮೂಳ! ನನ್ನ ಓಣ್ಯಾಗ ನಿಂತು ನನಗ ಅಂತೀಯಾ? ನಿನ್ನ ಮಂಡಕ್ಕಿ ಹಂಗ ನೀನೂ. ಮ್ಯಾಲೆ ಉಬ್ಬು, ಒಳಗ ಬರೇ ಗಾಳಿ!"

ನಿಲ್ಲಿಸಿದಳು. ಕತ್ತು ಓರೆ ಮಾಡಿದಳು. ಇದೇ ಆ ಗಳಿಗೆ.

"ಗಾಳಿ ಇದ್ರೂ ಮಂದಿ ತಿಂದು ನಗ್ತಾರೆ! ನಿನ್ನ ಮೆಣಸಿನಕಾಯಿ ತಿಂದೋರು ಮಾರನೇ ಬೆಳಗ್ಗೆ ಚೊಂಬು ಹಿಡಕೊಂಡು ಹೋದಾಗ ನಿನ್ನ ನೆನೆಸಿ ಅಳ್ತಾರೆ!"

ಓಣಿಯಲ್ಲಿ ಬಾಗಿಲುಗಳು ತೆರೆದವು. ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಇಬ್ಬರು ಓಡಿ ಬಂದರು. ಬೀಡಿ ಮುದುಕ ಕಟ್ಟೆಯಿಂದ ಇಳಿದು ಹತ್ತಿರಕ್ಕೆ ಬಂದು ಕೂತ. ಹುಲಿಗೆವ್ವ ಎರಡು ಹೆಜ್ಜೆ ಮುಂದೆ ಬಂದಳು. ಈಗ ಅವಳ ದನಿಯಲ್ಲಿ ಆಟ ಇರಲಿಲ್ಲ.

"ಇವತ್ತು ಬಂತಾ ಬಾಯಿ? ಮದುವ್ಯಾಗ ಬೈದೆ, ಊರಿಗೆ ಊರೇ ಕಲ್ಲಿನಂಗ ಕುಂತ್ರಿ. ಇಕಿ ಎಂಥಾ ಹೆಂಗಸು, ಇಕಿ ಜೋಡಿ ಮಾತು ಏನು ಅಂತ! ಕೊಟ್ಟ ಸಾಮಾನು ತಿರುಗಿ ಬಂದು ಬಿದ್ದಾವು, ಒಬ್ರೂ ಬಂದು ಹಿಂಗ್ಯಾಕ ಅಂತ ಹೇಳಲಿಲ್ಲ. ಉಡಿ ಅಕ್ಕಿ ತಿರುಗಿ ಬಂತಲ್ಲೋ! ಅದನ್ನ ಅನ್ನ ಮಾಡಿ ಉಣ್ಲೋ, ಕಾಗಿಗೆ ಹಾಕ್ಲೋ?"

"ನಾವು ಕಳಿಸಲಿಲ್ಲ! ನಮ್ಮೂರಲ್ಲಿ ಕೊಟ್ಟ ಸಾಮಾನು ನಿಲ್ಲಲ್ಲ. ನೀನು ಕೊಟ್ರೂ ಅಷ್ಟೆ, ರಾಜ ಕೊಟ್ರೂ ಅಷ್ಟೆ!"

"ಸಾಮಾನಿಗೆ ಕಾಲು ಅದಾವೇನು?"

"ಇದಾವೆ! ನಿನಗಿಂತ ಚುರುಕಾಗಿ ನಡೀತಾವೆ! ಅದನ್ನ ಬಂದು ಹೇಳಲಿಲ್ಲ, ಅದು ನಮ್ಮ ತಪ್ಪು. ಎಲ್ಲರಿಗೂ ಗೊತ್ತಿರೋದೇ ಅಂತ ಸುಮ್ಮನಿದ್ವಿ. ನಮಗೆ ಬುದ್ಧಿ ಇಲ್ಲ, ಆದರೆ ನಿನಗೆ ತಾಳ್ಮೆ ಇಲ್ಲ!"

ಅವಳು ಬಾಯಿ ತೆರೆದಳು, ಆದರೆ ಬಂದ ದನಿ ಬೇರೆಯಾಗಿತ್ತು. ಅರ್ಧಕ್ಕರ್ಧ ಇಳಿದಿತ್ತು. "ಹಂಗಂದ್ರ ನನ್ನ ಮಗಳ ಮನ್ಯಾಗ ನನ್ನದು ಅಂತ ಒಂದು ಸೌಟೂ ಇರೂದಿಲ್ಲಲ್ಲೋ. ಒಂದು ಅರಿವಿ ತುಂಡೂ ಇರೂದಿಲ್ಲ. ಹಡದಾಕಿ ಅನ್ನೋ ಗುರುತು ಏನು ಉಳೀತು ಅಲ್ಲಿ?"

ನಮ್ಮೂರಿನ ರೂಢಿಯಾದರೆ ನಾನು ಆಗ ತಲೆ ತಗ್ಗಿಸಬೇಕಿತ್ತು. ಆದರೆ ಜಗಳವನ್ನು ಅರ್ಧಕ್ಕೆ ಬಿಟ್ಟರೆ ಅದು ಕೊಟ್ಟ ಹಾಗಲ್ಲ. ಅದೂ ಅಲ್ಲದೆ, ಅಷ್ಟು ಹೊತ್ತಿಗೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಏನು ಉಳೀತಾ? ನನ್ನ ಹೊಟ್ಟೆ ಕೇಳು ಏನು ಉಳೀತು ಅಂತ! ನಿನ್ನ ಮಗಳು ಸಾರಿಗೆ ಮೆಣಸಿನಕಾಯಿ ಸುರಿದು ಸುರಿದು ನನ್ನ ಕರುಳು ಸುಟ್ಟಿದ್ದಾಳೆ! ಸೂರ್ಯ ಹುಟ್ಟೋ ಮೊದಲೇ ರೊಟ್ಟಿ ಬಡಿತಾಳೆ, ಜಂತೆಯಿಂದ ಮಣ್ಣು ಉದುರಿ ನನ್ನ ಮುಖದ ಮೇಲೆ ಬೀಳುತ್ತೆ! ಸಿಟ್ಟು ಬಂದರೆ ಪಾತ್ರೆಗಳ ಜೊತೆ ಮಾತಾಡ್ತಾಳೆ, ಮನೆಗೆ ಬಂದೋರು ಯಾರು ಒಳಗೆ ಅಂತ ಕೇಳ್ತಾರೆ! ನಿನ್ನ ಬಿಂದಿಗೆ ಕೊಳಗ ಎಲ್ಲಾ ವಾಪಸು ಬಂದವಲ್ಲ, ಇವು ಯಾಕೆ ಬರಲಿಲ್ಲ? ಕರೆಸಿಕೋ ನೋಡೋಣ! ಎಷ್ಟು ಬೆಳಗಾದ್ರೂ ಇವು ನನ್ನ ಮನೆ ಬಿಟ್ಟು ಕದಲಲ್ಲ!"

ಉಸಿರು ಸಿಕ್ಕಿ ಕೆಮ್ಮು ಬಂತು. ಕೆಮ್ಮುತ್ತಾ ಕೆಮ್ಮುತ್ತಾ ನೆಲದ ಮೇಲೆ ಕೂತುಬಿಟ್ಟೆ. ಅವಳು ಹತ್ತಿರ ಬಂದು ನಿಂತಳು. ಆಮೇಲೆ ಕೇಳಿದಳು.

"ಮೆಣಸಿನಕಾಯಿ ಹಂಗೇ ಅರೀತಾಳೋ, ಹುರಿದು ಅರೀತಾಳೋ?"

"ಹುರಿದು. ಮನೆ ತುಂಬಾ ಘಾಟು."

"ಎಣ್ಣಿ ಹಾಕಿ ಹುರೀತಾಳೋ, ಬರೇ ಹಂಚಿನ ಮ್ಯಾಲೋ?"

"ಬರೀ ಹಂಚಿನ ಮೇಲೆ."

"ಹೂಂ," ಅಂದಳು. ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. "ನಾನೇ ಕಲಿಸಿದ್ದು." ಒಳಗೆ ಹೋಗಿ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟಳು. "ಕುಡೀರಿ ಬೀಗರ. ಗಂಟಲು ಹರದೈತಿ. ರೂಢಿ ಇಲ್ಲ ನಿಮಗ. ಜಗಳಾಡೋವಾಗ ಉಸಿರು ಹೊಟ್ಟ್ಯಾಗಿಂದ ತಗೋಬೇಕು, ಎದಿಯಾಗಿಂದ ಅಲ್ಲ. ಆದ್ರೂ ಆ ಚೊಂಬಿನ ಮಾತು ಚಲೋ ಇತ್ತು." ಬೀಡಿ ಮುದುಕ, "ಅದು ಇತ್ತು" ಅಂತ ತಲೆದೂಗಿದ.

ಬಾಣಂತನಕ್ಕೆ ಬರುತ್ತೀರಾ ಅಂತ ಕೇಳಿದೆ. ಅವಳು ಮೆಣಸಿನಕಾಯಿ ಮೇಲೆ ಕೈಯಾಡಿಸುತ್ತಾ ಕೂತಳು. "ಬರಿಗೈಲೆ ಮಗಳ ಮನಿಗೆ ಹೋಗೋದು ನಮ್ಮ ಮನೆತನದಾಗ ಇಲ್ಲ. ತಂದ್ರ ನಿಲ್ಲೂದಿಲ್ಲ ಅಂತೀರಿ. ಹೆಂಗ ಬರ್ಲಿ, ನೀವೇ ಹೇಳ್ರಿ." ನನ್ನಲ್ಲಿ ಇದ್ದ ಮಾತೆಲ್ಲ ಅವತ್ತು ಖರ್ಚಾಗಿತ್ತು. ಮಜ್ಜಿಗೆ ಕುಡಿದು ಬಂದೆ. ಪಂಪಾ ಬಾಗಿಲಲ್ಲೇ ನಿಂತಿದ್ದಳು. "ಏನಂದ್ಲು ಮಾವಾ?" ಅಂದಳು. ದನಿ ಹೊರಡದೆ ಕೈಸನ್ನೆಯಲ್ಲೇ ಗೊತ್ತಿಲ್ಲ ಅಂದೆ. ಅವಳು ನನ್ನ ಗಂಟಲಿಗೆ ಬಿಸಿ ಉಪ್ಪುನೀರು ಮಾಡಿಕೊಟ್ಟಳು.

ಆಮೇಲೆ ಕೆಲವು ದಿನ ಏನೂ ಇಲ್ಲ. ಜಟಕಾದ ಸದ್ದಾದರೆ ಪಂಪಾ ಕಿಟಕಿಗೆ ಹೋಗುವುದು, ಮತ್ತೆ ಬಂದು ಕೂರುವುದು. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದಳು. ನಿಂಗಮ್ಮ ಬಂದು, "ಬಾಚಲೇನವ್ವಾ?" ಅಂದರೆ ಬೇಡ ಅನ್ನುತ್ತಿದ್ದಳು.

ಒಂದು ದಿನ ಬಿಸಿಲು ಇಳಿಯುವ ಹೊತ್ತಿಗೆ ಖಾಸೀಮನ ಜಟಕಾ ನಮ್ಮ ಮನೆಯ ಮುಂದೆ ನಿಂತಿತು. ಹುಲಿಗೆವ್ವ ಇಳಿದಳು. ಗಂಟಿಲ್ಲ, ಚೀಲವಿಲ್ಲ. ಜೀವಮಾನದಲ್ಲಿ ಮೊದಲ ಸಲ ಬರಿಗೈಯಲ್ಲಿ ಇನ್ನೊಬ್ಬರ ಮನೆಯ ಮುಂದೆ ನಿಂತ ಹೆಂಗಸು ಅದು, ನೋಡಿದರೇ ತಿಳಿಯುತ್ತಿತ್ತು. ಕೈಗಳನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಒಮ್ಮೆ ಸೆರಗು ಹಿಡಿದಳು, ಒಮ್ಮೆ ಬೆನ್ನ ಹಿಂದೆ ಕಟ್ಟಿದಳು. ಬೀದಿಯ ಮಂದಿ ತಮ್ಮ ತಮ್ಮ ಜಗಲಿಯಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು, ನಮ್ಮ ಮರ್ಯಾದೆಯಂತೆ. ಅವಳು ಹೊಸ್ತಿಲ ಹತ್ತಿರ ಬಂದಳು. ದಾಟಲಿಲ್ಲ. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ತಿರುಗಿ ಜಟಕಾ ಹತ್ತುತ್ತಿದ್ದಳು. ನಾನು ಬಾಯಿ ತೆರೆದೆ, ಗಂಟಲು ಇನ್ನೂ ಸರಿಯಾಗಿರಲಿಲ್ಲ.

ಅಷ್ಟರಲ್ಲಿ ಪಂಪಾ ಒಳಗಿನಿಂದ ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಕೂದಲೆಲ್ಲ ಕೆದರಿತ್ತು. ತಾಯಿಯ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು. ಹೊಸ್ತಿಲ ಮೇಲೆ ತಾಯಿಗೆ ಬೆನ್ನು ಮಾಡಿ ಕಷ್ಟಪಟ್ಟು ಕೂತು, ಬಾಗಿಲ ಪಕ್ಕದ ಗೋಡೆಗೂಡಿನಲ್ಲಿದ್ದ ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು.

"ತಲಿ ಬಾಚು ಅವ್ವಾ. ನನಗ ಕೈ ಎತ್ತಾಕ ಆಗವಲ್ದು."

ಹುಲಿಗೆವ್ವ ಕೂತಳು. ಬಾಚಣಿಗೆ ತಗೊಂಡಳು. ಮಗಳ ಕೂದಲಿಗೆ ಕೈ ಹಾಕಿ ಒಂದು ಗಳಿಗೆ ಸುಮ್ಮನೆ ಹಿಡಿದಳು. ಆಮೇಲೆ ಶುರುವಾಯಿತು.

"ಇದೇನು ತಲಿಯೋ, ಕಾಗಿ ಗೂಡೋ? ಎಣ್ಣಿ ಕಂಡು ಎಷ್ಟು ದಿನ ಆತು? ಇದರಾಗ ಕಳ್ಳ ಹೊಕ್ಕರೂ ಹಾದಿ ಸಿಗದ ಅಳಕೋತ ಕುಂದರ್ತಾನ!"

ನಿಲ್ಲಿಸಿದಳು. ಬೀದಿಯಲ್ಲಿ ಎಲ್ಲರ ತಲೆ ತಗ್ಗಿತು. ಪಂಪಾಳ ತಲೆ ಮಾತ್ರ ತಗ್ಗಲಿಲ್ಲ.

"ನೀ ಬರೂದು ತಡ ಮಾಡಿದ್ರ ಕಾಗಿ ಮರೀನೂ ಹಾಕ್ತಿತ್ತು. ಮೆಲ್ಲಕ ಎಳಿ, ಅದು ತಲಿ, ಮೆಣಸಿನ ಗಿಡ ಅಲ್ಲ!"

"ಬಾಯಿ ನೋಡು ಬಾಯಿ! ಯಾರು ಕಲಿಸಿದ್ರು ನಿನಗ?"

"ಯಾರು ಕಲಿಸ್ತಾರ, ನಿಮ್ಮವ್ವನ ಮಮ್ಮಗಳು ನಾನು!"

ಬಾಚಣಿಗೆ ಏರುತ್ತಾ ಇಳಿಯುತ್ತಾ ಇತ್ತು, ಮಾತೂ ಹಾಗೇ. ಖಾಸೀಮ ಜಟಕಾ ಹೊಡೆಯುವುದನ್ನು ಮರೆತು ನಿಂತಿದ್ದ. ಮೈಲಾರಿ ಭಟ್ಟಿಯಿಂದ ಓಡಿ ಬಂದವನು ನನ್ನ ಪಕ್ಕ ನಿಂತು, "ಅಪ್ಪಾ, ಇವರು ಜಗಳಾಡ್ತಾ ಇದಾರಾ, ರಾಜಿ ಆಗ್ತಾ ಇದಾರಾ?" ಅಂದ. ಸುಮ್ಮನಿರು ಅಂದೆ. ನಮ್ಮ ಬೀದಿ ಅಂಥಾ ಸದ್ದು ಕೇಳಿರಲಿಲ್ಲ. ಯಾರೂ ಒಳಗೆ ಹೋಗಲಿಲ್ಲ. ಎದುರುಮನೆ ನಿಂಗಮ್ಮ, ಗಂಡನಿಗೆ ಊಟಕ್ಕೆ ಬಾ ಅನ್ನುವುದನ್ನೂ ಕಿವಿಯಲ್ಲಿ ಹೇಳುವ ಹೆಂಗಸು, ಜಗಲಿಯ ತುದಿಗೆ ಬಂದು ನಿಂತಿದ್ದಳು. ಅವಳ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಏನ್ರೀ ಬೀಗಿತಮ್ಮಾ," ಅಂದಳು ಕೊನೆಗೆ, "ನಿಮ್ಮೂರಲ್ಲಿ ಬಾಚಣಿಗೆಗೂ ಬಾಯಿ ಇರುತ್ತೇನ್ರೀ?"

ಬಾಚಣಿಗೆ ನಿಂತಿತು. ಹುಲಿಗೆವ್ವ ನಿಧಾನವಾಗಿ ಬೀದಿಯ ಕಡೆ ತಿರುಗಿದಳು. ಒಂದು ಕೈಯಲ್ಲಿ ಮಗಳ ಜಡೆ ಹಾಗೇ ಇತ್ತು, ಇನ್ನೊಂದು ಕೈಯಲ್ಲಿ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

"ಯಾರವ್ವಾ ಆಕಿ?" ಅಂದಳು. "ಬಾ ಇತ್ತಾಗ, ಹತ್ರ ಬಾ, ನಿನ್ನ ಮುಖ ನೋಡೂಣು!"

ನೆಂಟರನ್ನು ಹಬ್ಬದ ಊಟಕ್ಕೆ ಕರೆಯುವವರ ದನಿ ಹೇಗಿರುತ್ತದೆ, ಹಾಗಿತ್ತು.